ಎದೆನೋವು: ಹೃದಯಾಘಾತವಲ್ಲ ಎಂದಮೇಲೂ ಉಳಿಯುವ ಪ್ರಶ್ನೆ



ಕೊಳೆರೋಗ, ಕಾಂಡಕೊರಕ, ಗೊಬ್ಬರ, ಧಾರಣೆ ಇವು ನಮ್ಮ ಪತ್ರಿಕೆಯ ನಿತ್ಯದ ವಿಷಯಗಳು. ಈ ಸಲ ಬೆಳೆಯನ್ನು ಬದಿಗಿಟ್ಟು ಬೆಳೆಗಾರನ ಎದೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಗುತ್ತಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ರೈತರು ಕೊಳವೆಬಾವಿಯ ನೀರನ್ನು ನಂಬಿ ಅಡಿಕೆ ಹಾಕಿದ್ದಾರೆ. ಅತ್ತ ಮಲೆನಾಡಿನ ಕಾಫಿ ಬೆಳೆಗಾರರೂ ನಮ್ಮ ಓದುಗರೇ. ಬಯಲುಸೀಮೆಯವರಿರಲಿ ಮಲೆನಾಡಿನವರಿರಲಿ, ಯಾರ ಮನೆಯಲ್ಲಾದರೂ ಒಂದು ರಾತ್ರಿ ಕೇಳಿಬರಬಹುದಾದ ಮಾತು ಇದು: "ಎದಿ ಹಿಡದಂಗ ಆಗೇತಿ."

ಈ ಮಾತು ಕೇಳಿದೊಡನೆ ನಮ್ಮ ಜನ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. "ಏನೂ ಆಗೂದಿಲ್ಲ ತಗೋರಿ, ವಾಯು ಹಿಡದೈತಿ, ಒಂದು ಸೋಡಾ ಕುಡೀರಿ" ಎನ್ನುವುದು ಮೊದಲನೆಯ ದಾರಿ. ಇದು ಹಳೆಯದು. ಎದೆಯಲ್ಲಿ ಚುಚ್ಚಿದ್ದೆಲ್ಲ ಹೃದಯಾಘಾತವೇ ಎಂದು ಕೈಕಾಲು ತಣ್ಣಗಾಗಿಸಿಕೊಳ್ಳುವುದು ಎರಡನೆಯದು. ಇದು ಈಚೆಗೆ ಬಂದದ್ದು. ಮೊದಲನೆಯದು ಪ್ರಾಣಕ್ಕೆ ಕುತ್ತು, ಎರಡನೆಯದು ಮನಸ್ಸಿಗೂ ಕಿಸೆಗೂ ಕುತ್ತು. ಇವೆರಡರ ನಡುವೆ ಇರುವ ಸರಿಯಾದ ದಾರಿ ಯಾವುದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಭಯ ಹುಟ್ಟಿದ ಬಗೆ

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, ಇನ್ನೂ 46ರ ಪ್ರಾಯದಲ್ಲಿ, ಹಠಾತ್ತಾಗಿ ತೀರಿಕೊಂಡಾಗ ಇಡೀ ನಾಡು ಬೆಚ್ಚಿತು. ಅಂದಿನಿಂದ ಎದೆಯ ನೋವು ಎಂಬ ಮಾತಿಗೇ ಹೊಸ ಭಾರ ಬಂದಿತು. ಮುಂದೆ 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕಾಫಿ ಸೀಮೆಯಾದ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದವು. ಸತ್ತವರಲ್ಲಿ ಹರೆಯದವರೂ ಇದ್ದರು. ಜನ ಹೆದರಿ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ರಾಜ್ಯ ಸರಕಾರವು ಆ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಹಾಸನದಲ್ಲಿ ಹೃದಯಾಘಾತಗಳು ಒಮ್ಮೆಲೇ ಏರಿವೆಯೆಂಬುದಕ್ಕೆ ಆಧಾರ ಕಾಣಲಿಲ್ಲವೆಂದೂ, ಸುದ್ದಿಯ ಪಟ್ಟಿಯಲ್ಲಿದ್ದ ಸಾವುಗಳಲ್ಲಿ ಕೆಲವು ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲವೆಂದೂ ಆ ಸಮಿತಿ ವರದಿ ಕೊಟ್ಟಿತು.

ಹಾಗೆಂದು ಭಯವೆಲ್ಲ ಹುಸಿ ಎಂದು ತಿಳಿಯಬಾರದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಗಳಂತೆ, ಭಾರತವೂ ಸೇರಿದ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬಂದ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಅಂದರೆ ನಮ್ಮವರಿಗೆ ಇದು ಐದಾರು ವರ್ಷ ಮುಂಚಿತವಾಗಿಯೇ ಬರುತ್ತದೆ. ಆದುದರಿಂದ ಎಚ್ಚರಿಕೆ ಬೇಕೇ ಬೇಕು. ಬೇಡವಾದದ್ದು ಗಾಬರಿ ಮಾತ್ರ.

ಎದೆನೋವಿನವರಲ್ಲಿ ಹೃದಯಾಘಾತದವರು ಎಷ್ಟು ಮಂದಿ?

ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2021ರಲ್ಲಿ ಎದೆನೋವಿನ ಬಗ್ಗೆಯೇ ಒಂದು ಮಾರ್ಗಸೂಚಿ ಪ್ರಕಟಿಸಿದವು. ಅದರಲ್ಲಿ ಹೇಳಿರುವಂತೆ ಆ ದೇಶದ ತುರ್ತು ಚಿಕಿತ್ಸಾ ವಿಭಾಗಗಳಿಗೆ ವರ್ಷಕ್ಕೆ 65 ಲಕ್ಷಕ್ಕೂ ಹೆಚ್ಚು ಸಲ ಜನ ಎದೆನೋವೆಂದು ಬರುತ್ತಾರೆ. ಅವರಲ್ಲಿ ಹೃದಯಾಘಾತ ಅಥವಾ ಅದರ ಅಂಚಿನಲ್ಲಿರುವವರು ನೂರಕ್ಕೆ ಐದು ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿಯ ನೋವಿಗೆ ಹೃದಯ ಕಾರಣವೇ ಅಲ್ಲ. ಆ ದೇಶದ ಲೆಕ್ಕ ನಮ್ಮ ದವಾಖಾನೆಗಳಿಗೆ ಹಾಗೆಯೇ ಹೊಂದಲಾರದು. ಆದರೆ ಅದರಿಂದ ತಿಳಿಯುವ ಸಂಗತಿ ಎಲ್ಲೆಡೆಗೂ ಒಂದೇ: ಎದೆನೋವಿಗೆ ಕಾರಣಗಳು ಹಲವು, ಹೃದಯಾಘಾತ ಅವುಗಳಲ್ಲಿ ಒಂದು.

ಹಾಗಾದರೆ ನೋವು ಬಂದವನಿಗೇ ಅದು ಯಾವುದೆಂದು ಏಕೆ ತಿಳಿಯುವುದಿಲ್ಲ? ಹೃದಯ, ಅನ್ನನಾಳ, ಶ್ವಾಸಕೋಶದ ಹೊರಪೊರೆ, ಜಠರದ ಮೇಲ್ಭಾಗ ಇವುಗಳಿಂದ ಹೊರಟ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ನಾಲ್ಕು ತೋಟಗಳ ನೀರು ಒಂದೇ ಹಳ್ಳಕ್ಕೆ ಹರಿದುಬಂದರೆ, ಕೆಳಗೆ ನಿಂತವನಿಗೆ ಈ ನೀರು ಯಾರ ತೋಟದ್ದೆಂದು ಹೇಗೆ ತಿಳಿದೀತು? ಮೆದುಳಿನ ಪಾಡೂ ಅದೇ. ಎದೆಯಲ್ಲಿ ಏನೋ ಆಗಿದೆಯೆಂದು ಅದು ಹೇಳಬಲ್ಲುದು. ಯಾವ ಅಂಗದಲ್ಲಿ ಎಂದು ಖಚಿತವಾಗಿ ಹೇಳಲಾರದು.

ಪ್ರಾಣಕ್ಕೆ ಎರವಾಗುವ ಬೇರೆ ಕಾರಣಗಳು

"ಹಾರ್ಟ್ ಅಟ್ಯಾಕ್ ಅಲ್ಲವಂತೆ, ಬಿಡಿ" ಎಂಬ ಸಮಾಧಾನದ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಇದು ಅರ್ಧ ಸಮಾಧಾನ ಮಾತ್ರ. ಹೃದಯಾಘಾತವಲ್ಲದೆಯೂ ಗಂಟೆಗಳೊಳಗೆ ಜೀವಕ್ಕೆ ಎರವಾಗಬಲ್ಲ ಕಾರಣಗಳುಂಟು. ತುರ್ತು ವಿಭಾಗದ ವೈದ್ಯರು ಮೊದಲು ಹುಡುಕುವುದು ಇವುಗಳನ್ನೇ.

ಮೊದಲನೆಯದು, ಮಹಾಧಮನಿಯ ಗೋಡೆ ಸೀಳುವುದು. ರಕ್ತದೊತ್ತಡ ಹೆಚ್ಚಾಗಿದ್ದು ಗುಳಿಗೆ ಬಿಟ್ಟವರಲ್ಲಿ ಇದರ ಅಪಾಯ ಹೆಚ್ಚು. ನೋವು ಒಮ್ಮೆಲೇ, ಮೊದಲ ಕ್ಷಣದಲ್ಲೇ ಪೂರ್ಣ ಜೋರಿನಿಂದ, ಬಟ್ಟೆ ಹರಿದಂತೆ ಬಂದು ಬೆನ್ನಿಗೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿ ಕೊಟ್ಟರೆ ರೋಗಿಗೆ ಅಪಾಯ. ವೈದ್ಯರು ಅವಸರದ ನಡುವೆಯೂ ಎರಡೂ ಕೈಗಳ ರಕ್ತದೊತ್ತಡ ಅಳೆಯುವುದು, ಬೆನ್ನುನೋವಿನ ಬಗ್ಗೆ ಕೇಳುವುದು ಇದಕ್ಕಾಗಿಯೇ.

ಎರಡನೆಯದು, ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕುವುದು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರು, ಹೊಸ ಬಾಣಂತಿಯರು ಇವರಿಗೆ ಏಕಾಏಕಿ ಉಸಿರು ಸಾಲದೆ ಎದೆ ನೊಂದರೆ ಇದರ ಶಂಕೆ ಬರಬೇಕು. ಒಂದೇ ಕಾಲು ಬಾತಿರುವುದು, ಕೆಮ್ಮಿನಲ್ಲಿ ರಕ್ತ ಬೀಳುವುದು ಇದರ ಗುರುತುಗಳು.

ಮೂರನೆಯದು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವುದು. ಇದು ನಮ್ಮ ಕಸುಬಿಗೆ ತೀರ ಹತ್ತಿರದ್ದು. ಅಡಿಕೆ ಮರದಿಂದ ಬಿದ್ದ ಕೊನೆಗಾರ, ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಕೊಂಬೆಯೊಡನೆ ಕೆಳಗೆ ಬಂದ ಆಳು ಎದ್ದು ನಿಂತು ಮೈ ಕೊಡವಿಕೊಂಡರೆ ನಾವು "ಸದ್ಯ ಪಾರಾದ" ಎನ್ನುತ್ತೇವೆ. ಮುರಿದ ಪಕ್ಕೆಲುಬಿನ ಚೂಪು ಶ್ವಾಸಕೋಶಕ್ಕೆ ನಾಟಿದ್ದರೆ ಉಸಿರಿನ ತೊಂದರೆ ಕೆಲವು ಗಂಟೆ ಕಳೆದು ತೋರಬಹುದು. ಬೀಳದೆಯೂ, ತೆಳ್ಳಗೆ ಎತ್ತರವಾಗಿರುವ ಹರೆಯದ ಗಂಡಸರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಇದು ತಾನಾಗಿ ಆಗುವುದುಂಟು. ಒಂದು ಪಕ್ಕೆಯಲ್ಲಿ ಒಮ್ಮೆಲೇ ಚುಚ್ಚಿ ಉಸಿರು ಕಟ್ಟಿದರೆ ತಡಮಾಡಕೂಡದು. ಎದೆಯ ಎಕ್ಸ್‌ರೇಯಿಂದ ಇದು ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ನಾಲ್ಕನೆಯದು, ಜಠರದ ಹುಣ್ಣು ತೂತಾಗುವುದು. ಮಂಡಿನೋವು, ಸೊಂಟನೋವು ಎಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಎಷ್ಟಿಲ್ಲ! ಅಂಥವರಿಗೆ ಎದೆಯ ಕೆಳಗೆ ಚೂರಿ ಇರಿದಂತೆ ನೋವು ಬಂದು ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಅದು ಶಸ್ತ್ರಚಿಕಿತ್ಸೆಯ ಪ್ರಕರಣ.

ಸಿಂಪಡಣೆಯ ನಂತರದ ಎದೆಬಿಗಿತವನ್ನೂ ಇಲ್ಲೇ ಹೇಳಬೇಕು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ಕೀಟನಾಶಕ ಮೈಗೆ ಹತ್ತಿದರೆ ಅಥವಾ ಉಸಿರಿಗೆ ಹೋದರೆ ಎದೆ ಬಿಗಿಯುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು ಕಿತ್ತುಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬೆವರು ಕಂಡು ಇದನ್ನು ಹೃದಯಾಘಾತವೆಂದು ತಿಳಿಯುವ ಸಂಭವವುಂಟು. ಒದ್ದೆ ಬಟ್ಟೆ ತೆಗೆದು, ಮೈಗೆ ಸಾಬೂನು ಹಚ್ಚಿ ನೀರು ಹಾಕಿ, ಔಷಧಿಯ ಡಬ್ಬಿಯನ್ನು ಚೀಟಿಯ ಸಮೇತ ದವಾಖಾನೆಗೆ ಒಯ್ಯಬೇಕು. ಇದಕ್ಕೆ ಪ್ರತ್ಯೌಷಧವುಂಟು, ಆದರೆ ಯಾವ ವಿಷವೆಂದು ವೈದ್ಯರಿಗೆ ತಿಳಿಯಬೇಕು.

ಕೊಲ್ಲದ, ಆದರೆ ಕಾಡುವ ಕಾರಣಗಳು

ಇನ್ನು ಹೆಚ್ಚು ಮಂದಿಯಲ್ಲಿ ಕಾಣುವ ಕಾರಣಗಳಿಗೆ ಬರೋಣ. ಇವುಗಳಲ್ಲಿ ಅಗ್ರಸ್ಥಾನ ಅನ್ನನಾಳಕ್ಕೆ ಹುಳಿ ಏರುವುದಕ್ಕೆ ಸಲ್ಲುತ್ತದೆ. ಜಠರದ ಹುಳಿ ಮೇಲಕ್ಕೆ ಬಂದು ಎದೆಮೂಳೆಯ ಹಿಂದೆ ಉರಿ ಹಚ್ಚುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಖಾರ ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ರಾತ್ರಿ ಹತ್ತಕ್ಕೆ ಮಿರ್ಚಿ ಮಂಡಕ್ಕಿ ತಿಂದು, ಮೇಲೆ ಚಹಾ ಕುಡಿದು, ಕೂಡಲೇ ಅಡ್ಡಾಗುವ ರೂಢಿಯನ್ನು ಬಿಡಬಹುದು. ಉಂಡ ಮೇಲೆ ಎರಡು ಮೂರು ಗಂಟೆ ಮಲಗದಿರುವುದು, ಮಂಚದ ತಲೆಯ ಕಡೆ ಎತ್ತರಿಸುವುದು, ಬೊಜ್ಜು ಇಳಿಸುವುದು, ತಂಬಾಕು ಬಿಡುವುದು ಇವುಗಳಿಂದ ಅನೇಕರಿಗೆ ಗುಣ ಕಂಡಿದೆ. ಅನ್ನನಾಳ ಸೆಟೆದುಕೊಂಡರೆ ಬರುವ ನೋವಂತೂ ಹೃದಯದ ನೋವಿನ ಪಡಿಯಚ್ಚು.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳುತ್ತೇವೆ. ಸೋಡಾ ಅಥವಾ ಹುಳಿಯ ಔಷಧಿ ಕುಡಿದು ನೋವು ಇಳಿದರೆ ಅದು ವಾಯುವೇ ಆಗಿತ್ತೆಂದು ಸಾಬೀತಾಗುವುದಿಲ್ಲ. ಹೃದಯದ ನೋವೂ ಬಂದು ಹೋಗುತ್ತದೆ. ಅದು ತಾನಾಗಿ ಇಳಿದ ಹೊತ್ತಿಗೂ ನೀವು ಸೋಡಾ ಕುಡಿದ ಹೊತ್ತಿಗೂ ಹೊಂದಿಕೆಯಾಗಿರಬಹುದು. ಅಂತೆಯೇ ನಾಲಿಗೆಯ ಕೆಳಗಿಡುವ ಗುಳಿಗೆಯಿಂದ ಇಳಿದ ನೋವೆಲ್ಲ ಹೃದಯದ್ದೂ ಅಲ್ಲ. ಆ ಗುಳಿಗೆ ಅನ್ನನಾಳದ ಸೆಟೆತವನ್ನೂ ಸಡಿಲಿಸುತ್ತದೆ.

ಎರಡನೆಯದು, ಎದೆಗೂಡಿನ ಸ್ನಾಯು ಮತ್ತು ಎಲುಬಿನ ನೋವು. ಸಿಂಪಡಣೆಯ ಪಂಪು ಹೊತ್ತವರು, ದೋಟಿ ಹಿಡಿದು ದಿನವಿಡೀ ಕೊನೆ ಇಳಿಸಿದವರು, ಕಾಫಿ ಮೂಟೆ ಎತ್ತಿ ಲಾರಿಗೆ ಹಾಕಿದವರು ಇದನ್ನು ಬಲ್ಲರು. ಪಕ್ಕೆಲುಬು ಎದೆಮೂಳೆಗೆ ಸೇರುವ ಮೆಲ್ಲೆಲುಬಿನಲ್ಲಿ ಉರಿಯೂತವಾದರೆ ಬೆರಳಿಟ್ಟು ಒತ್ತಿದ ಕಡೆ ನೋಯುತ್ತದೆ, ಮೈ ತಿರುಗಿಸಿದರೆ ಹೆಚ್ಚುತ್ತದೆ. ಇದಕ್ಕೆ ವಿಶ್ರಾಂತಿ, ಬಿಸಿ ಶಾಖ, ವೈದ್ಯರು ಹೇಳಿದ ಗುಳಿಗೆ ಸಾಕು. ಆದರೆ ಒತ್ತಿದರೆ ನೋಯುತ್ತದೆಂಬ ಒಂದೇ ಗುರುತನ್ನು ನಂಬಿ ಹೃದಯವನ್ನು ಲೆಕ್ಕದಿಂದ ಬಿಡುವಂತಿಲ್ಲ.

ಮೂರನೆಯದು, ಶ್ವಾಸಕೋಶದ ಜ್ವರ ಹಾಗೂ ಪೊರೆಯ ಉರಿಯೂತ. ಉಸಿರು ಒಳಗೆಳೆದಾಗ, ಕೆಮ್ಮಿದಾಗ ಚುಚ್ಚುವ ನೋವು ಇದರ ಲಕ್ಷಣ. ನಮ್ಮ ದೇಶದಲ್ಲಿ ಶ್ವಾಸಕೋಶದ ಪೊರೆಯಲ್ಲಿ ನೀರು ತುಂಬಲು ಕ್ಷಯ ಒಂದು ಮುಖ್ಯ ಕಾರಣ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆಯಾಗಬೇಕು. ಸರಕಾರಿ ದವಾಖಾನೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ. ಇದಲ್ಲದೆ ವೈರಸ್ ಜ್ವರದ ನಂತರ ಹೃದಯದ ಹೊರಚೀಲಕ್ಕೆ ಉರಿಯೂತವಾಗುವುದೂ ಉಂಟು. ಮಲಗಿದರೆ ನೋವು ಹೆಚ್ಚಿ, ಮುಂದಕ್ಕೆ ಬಾಗಿ ಕುಳಿತರೆ ಇಳಿಯುವುದು ಅದರ ಗುರುತು.

ನಾಲ್ಕನೆಯದು, ಸರ್ಪಸುತ್ತು. ಗುಳ್ಳೆ ಏಳುವುದಕ್ಕೆ ಎರಡು ಮೂರು ದಿನ ಮೊದಲೇ ಎದೆಯ ಒಂದೇ ಮಗ್ಗುಲಲ್ಲಿ ಪಟ್ಟಿ ಕಟ್ಟಿದಂತೆ ಉರಿ ಶುರುವಾಗುತ್ತದೆ. ಆಗ ಇಸಿಜಿ, ಎಕ್ಸ್‌ರೇ ಎಲ್ಲವೂ ಸರಿಯಿದ್ದು ಮನೆಯವರು ಕಕ್ಕಾಬಿಕ್ಕಿಯಾಗುತ್ತಾರೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ನಿರೋಧಕ ಗುಳಿಗೆ ಆರಂಭಿಸಿದರೆ ಲಾಭ ಹೆಚ್ಚು. ಕೆಮ್ಮಣ್ಣು ಹಚ್ಚಿಸಿಕೊಂಡು ಆ ಮೂರು ದಿನಗಳನ್ನು ಕಳೆದುಕೊಳ್ಳಬಾರದು. ಪಿತ್ತಕೋಶದ ಕಲ್ಲಿನ ನೋವೂ ಎದೆಯ ಗುಂಡಿಗೆ ಬರುತ್ತದೆ. ಎಣ್ಣೆ ಪದಾರ್ಥದ ಊಟದ ಮೇಲೆ ಬಂದು ಬಲಭುಜಕ್ಕೆ ಏರಿದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು.

ಕೊನೆಯದಾಗಿ, ಮನಸ್ಸಿನ ಒತ್ತಡ. ಕೊಳವೆಬಾವಿ ಬತ್ತಿತು, ಧಾರಣೆ ಕುಸಿಯಿತು, ಸಾಲದ ಕಂತು ಬಂತು ಎಂಬ ಚಿಂತೆಯಲ್ಲಿ ರಾತ್ರಿ ಎಚ್ಚರವಿದ್ದವನಿಗೆ ಎದೆ ಡವಗುಟ್ಟಿ, ಉಸಿರು ಸಾಲದಂತಾಗಿ, ಬೆರಳ ತುದಿ ಜುಮುಗುಟ್ಟಿ, ಸತ್ತೇ ಹೋಗುತ್ತೇನೆಂಬ ಭಯ ಬರುತ್ತದೆ. ಇದು ನಾಟಕವಲ್ಲ, ಹೆದರುಪುಕ್ಕಲುತನವೂ ಅಲ್ಲ. ನೋವು ನಿಜವಾದದ್ದೇ. ಉಳಿದ ಕಾರಣಗಳನ್ನು ಪರೀಕ್ಷೆಯಿಂದ ಬಿಟ್ಟುಕೊಟ್ಟ ಮೇಲೆಯೇ ವೈದ್ಯರು ಈ ಹೆಸರು ಹೇಳುತ್ತಾರೆ, ಇದಕ್ಕೂ ಚಿಕಿತ್ಸೆಯುಂಟು. ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಕಿಲ್ಲ.

ದವಾಖಾನೆಯಲ್ಲಿ ನಡೆಯುವುದೇನು?

ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ನೋಡಬೇಕೆಂಬುದು ನಿಯಮ. ಆದರೆ ಮೊದಲ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲವೆಂದು ಹೇಳಲಾಗದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಪದಾರ್ಥ ರಕ್ತಕ್ಕೆ ಬರುತ್ತದೆ. ಅದು ಪರೀಕ್ಷೆಯಲ್ಲಿ ಕಾಣುವಷ್ಟು ಏರಲು ಕೆಲವು ಗಂಟೆ ಹಿಡಿಯುತ್ತದೆ. ಆದಕಾರಣ ವೈದ್ಯರು ರಕ್ತವನ್ನು ಎರಡು ಸಲ ಪರೀಕ್ಷಿಸುತ್ತಾರೆ, ಇಸಿಜಿಯನ್ನು ಮತ್ತೆ ತೆಗೆಯುತ್ತಾರೆ. "ಒಂದು ಸಲ ನೋಡಿದರಲ್ಲ, ಇನ್ನೇಕೆ ಕೂಡಿಸಿಕೊಂಡಿದ್ದಾರೆ" ಎಂದು ಸಿಟ್ಟಾಗಿ ಎದ್ದು ಬರುವವರಿಗೆ ಈ ಸಂಗತಿ ತಿಳಿದಿರಬೇಕು. ಹಾಗೆ ಕಾಯಿಸುವುದೇ ಚಿಕಿತ್ಸೆಯ ಒಂದು ಭಾಗ.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುವ ವ್ಯವಸ್ಥೆಯಿದೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಬೆಲೆಬಾಳುವ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಆದುದರಿಂದ ಗುತ್ತಲದ ಕಡೆಯವರು ನೇರವಾಗಿ ಹುಬ್ಬಳ್ಳಿಗೋ ದಾವಣಗೆರೆಗೋ ಕಾರು ಓಡಿಸುವ ಬದಲು, ಹತ್ತಿರದಲ್ಲಿ ಇಸಿಜಿ ಆಗುವ ಕಡೆಗೆ ಮೊದಲು ಹೋಗುವುದು ಜಾಣತನ.

ಬೆಳೆಗಾರರು ಮಾಡಬೇಕಾದದ್ದು

ನೋವು ಬಂದಾಗ ಕೆಲಸ ಅಲ್ಲಿಗೇ ನಿಲ್ಲಿಸಿ ಕುಳಿತುಕೊಳ್ಳಬೇಕು. ಎದೆ ಹಿಂಡಿದಂತಾಗಿ ಕೆಲವು ನಿಮಿಷ ಬಿಡದಿದ್ದರೆ, ಬೆವರು, ವಾಂತಿ, ಉಸಿರುಕಟ್ಟು, ತಲೆಸುತ್ತು ಜೊತೆಗಿದ್ದರೆ, ನೋವು ತೋಳು, ದವಡೆ, ಬೆನ್ನಿಗೆ ಹರಿದರೆ 108ಕ್ಕೆ ಫೋನ್ ಮಾಡಿರಿ. ಸ್ವತಃ ಮೋಟಾರು ಸೈಕಲ್ ನಡೆಸಿಕೊಂಡು ಹೋಗಲೇಬಾರದು. ಹೆಂಗಸರು, ವೃದ್ಧರು, ಸಕ್ಕರೆ ಕಾಯಿಲೆಯವರು ಇವರಲ್ಲಿ ನೋವೇ ಇಲ್ಲದೆ ಬರಿಯ ಉಸಿರುಗಟ್ಟುವಿಕೆ, ಸುಸ್ತು, ಹೊಟ್ಟೆತೊಳಸುವಿಕೆಯಾಗಿ ಹೃದಯಾಘಾತ ತೋರಬಹುದು. ಮನೆಯ ಅವ್ವ "ಯಾಕೋ ಸಂಕಟ ಆಗತೈತಿ" ಎಂದರೆ ಅದನ್ನೂ ಇಷ್ಟೇ ಗಂಭೀರವಾಗಿ ಎಣಿಸಬೇಕು. ಆಸ್ಪಿರಿನ್ ಗುಳಿಗೆಯನ್ನು ವೈದ್ಯರು ಅಥವಾ 108ರವರು ಹೇಳಿದರೆ ಮಾತ್ರ ಕೊಡಿರಿ. ನೋವು ಬೆನ್ನಿಗೆ ಸೀಳಿದಂತಿದ್ದರೆ, ಹೊಟ್ಟೆಯ ಹುಣ್ಣು ಇದ್ದರೆ ಅದು ಕೇಡು ಮಾಡಬಲ್ಲುದು.

ವೈದ್ಯರಿಗೆ ನೋವು ಎಷ್ಟು ಗಂಟೆಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದರು, ಯಾವ ಗುಳಿಗೆ ನುಂಗುತ್ತಾರೆ ಎಂಬುದನ್ನು ಹೇಳಿರಿ. ತಂಬಾಕು, ಕುಡಿತ, ಔಷಧಿ ಸಿಂಪಡಿಸಿದ್ದು ಇವನ್ನು ಮುಚ್ಚಿಡಬೇಡಿರಿ. ನೋವಿಲ್ಲದ ದಿನ ತೆಗೆಸಿದ ಹಳೆಯ ಇಸಿಜಿ ಇದ್ದರೆ ಹೊಸದರೊಡನೆ ಹೋಲಿಸಿ ನೋಡಲು ವೈದ್ಯರಿಗೆ ತುಂಬ ಅನುಕೂಲ. ಹೊಲದ ಉತಾರವನ್ನು ಜೋಪಾನವಾಗಿ ಇಡುವ ನಾವು ಅದೇ ಚೀಲದಲ್ಲಿ ಈ ಕಾಗದವನ್ನೂ ಇಡೋಣ.

ಖರ್ಚಿನ ಅಂಜಿಕೆಯಿಂದ ಹಿಂದೆಗೆಯುವವರಿಗೆ ಇನ್ನೊಂದು ಮಾತು. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾಗಿದೆ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಅದರಲ್ಲಿದೆ. ಹೆಸರು ನೋಂದಾಯಿಸಲು ಅವಧಿ ಗೊತ್ತುಮಾಡಿರುತ್ತಾರೆ. ಕಾಯಿಲೆ ಬಂದ ಮೇಲೆ ಓಡಿಬಂದರೆ ಫಲವಿಲ್ಲ. ಸಂಘದ ಕಾರ್ಯದರ್ಶಿಯವರನ್ನು ಈಗಲೇ ವಿಚಾರಿಸಿರಿ.

ಒಟ್ಟಿನಲ್ಲಿ ನಾವು ಹೇಳುವುದು ಇಷ್ಟೇ. ಎದೆನೋವೆಂದು ದವಾಖಾನೆಗೆ ಹೋದವರು ಎರಡು ಪ್ರಶ್ನೆ ಕೇಳಬೇಕು. ಇದು ಹೃದಯವೇ? ಅಲ್ಲದಿದ್ದರೆ ಮತ್ತೇನು? ಮೊದಲನೆಯ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳಿಕೊಳ್ಳಬಾರದು. ಎರಡನೆಯದಕ್ಕೆ ಉತ್ತರ ಪಡೆಯದೆ, ಅಥವಾ ಮತ್ತೆ ಯಾವಾಗ ಬಂದು ತೋರಿಸಬೇಕೆಂದು ಕೇಳದೆ, ಮನೆಗೆ ಮರಳಬಾರದು. ಎಲೆ ಹಳದಿಯಾದ ಗಿಡಕ್ಕೆ ಕೊಳೆರೋಗವಲ್ಲವೆಂದು ತಿಳಿದ ಮಾತ್ರಕ್ಕೆ ನಾವು ಸುಮ್ಮನಾಗುತ್ತೇವೆಯೇ? ಬೇರು ನೋಡುತ್ತೇವೆ, ಮಣ್ಣು ನೋಡುತ್ತೇವೆ, ನೀರು ನೋಡುತ್ತೇವೆ. ಗಿಡಕ್ಕೆ ತೋರಿಸುವ ಈ ಲಕ್ಷ್ಯವನ್ನು ನಮ್ಮ ಸದಸ್ಯರು ತಮ್ಮ ದೇಹಕ್ಕೂ, ತೋಟದಲ್ಲಿ ದುಡಿಯುವ ಆಳುಮಕ್ಕಳಿಗೂ ತೋರಿಸುವರೆಂದು ಆಶಿಸುತ್ತೇವೆ.